ತಿರುವಿಲ್ಲದ ರಸ್ತೆ

ಕೌದಳ್ಳಿಯಿಂದ ಮಾದಪ್ಪನ ಬೆಟ್ಟಕ್ಕೆ ಜನ ಸಾಗಿಸುವ ಡ್ರೈವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ರಸ್ತೆ ಸ್ವಲ್ಪ ನೆಟ್ಟಗೆ ಕಂಡರೆ ಸಾಕು, ಮುಂದೆ ತಿರುವಿದೆ ಎಂದು ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಏಳದವರು ಈ ಕಸುಬಿನಲ್ಲಿ ಬಹಳ ದಿನ ಉಳಿಯುವುದಿಲ್ಲ.

ಬಾಡಿಗೆಯ ಜೀಪಲ್ಲದೆ ನನ್ನ ಹತ್ತಿರ ಒಂದು ಹಳೆಯ ಎಸ್ಟೀಮ್ ಕಾರಿತ್ತು. ಭಾನುವಾರಗಳನ್ನೆಲ್ಲ ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಕಳೆದು ಅದರ ಎಂಜಿನ್ ಹೊಸದಾಗಿ ಕಟ್ಟಿಸಿದ್ದೆ. ಮದುವೆಯಾಗಿರಲಿಲ್ಲ; ಮನೆಯೊಳಗೆ ನಾನು, ಹೊರಗೆ ಅದು. ಯಳಂದೂರಿನಿಂದ ಬಂದಾಗಲೆಲ್ಲ ಅಕ್ಕ ಪುಷ್ಪ ಚುಚ್ಚುತ್ತಿದ್ದಳು.

"ಅದ್ಕೇ ತಾಳಿ ಕಟ್ಬುಡ್ಲಾ ಶಾಂತಮೂರ್ತಿ. ಎಷ್ಟ್ ಜೋರಾಗಿ ಓಯ್ತದೆ ಅದು?"

"ನೂರೈವತ್ತು ಓಯ್ತದೆ ಕಣಕ್ಕ."

"ಓಗ್ನಿಲ್ಲ ಅಂದ್ರೆ?"

"ಮಾರ್ಬುಡ್ತೀನಿ."

"ಮಾತಿಗ್ ತಪ್ಪಬ್ಯಾಡ. ನಾನೇ ಬಂದು ಕಣ್ಣಾರೆ ನೋಡ್ತೀನಿ."

ಗಡಿಯಾಚೆ ತಮಿಳುನಾಡಿನಲ್ಲಿ, ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇಯೊಂದರಲ್ಲಿ, ಯಾರು ಬೇಕಾದರೂ ತಮ್ಮ ಕಾರು ಓಡಿಸಿ ವೇಗ ಅಳೆಸಿಕೊಳ್ಳಬಹುದಿತ್ತು. ಒಬ್ಬೊಬ್ಬರಾಗಿ, ತಲಾ ಎರಡು ಸಲ. ಹೊರಡುವ ದಿನ ಅಕ್ಕನ ಫೋನು ಬಂತು. ಅವಳ ಗಂಡನ ಕಡೆಯ ನೆಂಟರು ಬಂದಿದ್ದರಂತೆ. ಒಬ್ಬನೇ ಹೋದೆ.

ಅಲ್ಲಿ ಪ್ರತಿ ಕಾರಿನ ಸುತ್ತ ಒಂದು ಗುಂಪು. ಗಾಜು ಒರೆಸುವವನೊಬ್ಬ, ಫೋಟೊ ತೆಗೆಯುವವನೊಬ್ಬ, ಬಿರಿಯಾನಿ ತಂದವನೊಬ್ಬ. ನಾನು ನನ್ನ ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ನಿಂತಿದ್ದೆ. ನನ್ನ ಸರದಿ ಬಂತು. ಗೇರು ಹಾಕುವ ಮುಂಚೆ ಹಿಂದೆ ತಿರುಗಿ, "ಎಲ್ರೂ ಕೂತ್ಕಂಡ್ರಾ?" ಎಂದುಬಿಟ್ಟೆ. ಭಾರ ಇಳಿಸಲೆಂದು ಹಿಂದಿನ ಸೀಟನ್ನೇ ಬಿಚ್ಚಿಟ್ಟು ಬಂದಿದ್ದೆ.

ಬಾವುಟ ಹಿಡಿದಿದ್ದ ಬೆಂಗಳೂರಿನ ಹುಡುಗ ಬಗ್ಗಿ ಒಳಗೆ ನೋಡಿದ. "ಯಾರನ್ನ ಕೇಳ್ತಿದ್ದೀರಾ ಸರ್?"

"ಯಾರ್ನೂ ಇಲ್ಲ, ಬುಡಿ ಸಾ."

ಕಾರು ಚೆನ್ನಾಗಿಯೇ ಎಳೆಯಿತು. ಆದರೆ ಕಣ್ಣು ಹಾಯುವಷ್ಟು ದೂರ ನೆಟ್ಟಗಿದ್ದ ಆ ಕಾಂಕ್ರೀಟು ಕಂಡು ಕಾಲು ಮೇಲೆದ್ದಿತು. ವೇಗ ಅಳೆಯುವ ಗೆರೆಯಾಚೆಯ ಬೋರ್ಡಿನಲ್ಲಿ ನೂರ ಮೂವತ್ತೆಂಟು ಎಂದು ಬಂತು. ವಾಪಸು ಬಂದಾಗ ಹುಡುಗ ಹೇಳಿದ, "ಮುಂಚೇನೇ ಬಿಟ್ಬಿಟ್ರಿ ಸರ್. ಅಲ್ಲಿ ತಿರುವೇನೂ ಇಲ್ಲ."

"ನನಗ್ ಗೊತ್ತು. ನನ್ ಕಾಲ್ಗೆ ಗೊತ್ತಿಲ್ಲ."

ಎರಡನೇ ಸಲ ಐದನೇ ಗೇರಿಗೆ ಹಾಕಿದ ಮೇಲೆ, ಕ್ಲಚ್ಚಿನ ಕೆಲಸ ಮುಗಿದಿದ್ದ ಎಡಗಾಲನ್ನು ತಂದು ಬಲಗಾಲಿನ ಮೇಲಿಟ್ಟು ಒತ್ತಿ ಹಿಡಿದೆ. ಬಲಗಾಲು ಕೆಳಗೆ ಸಿಕ್ಕಿಕೊಂಡ ಕೋಳಿಯಂತೆ ಒದ್ದಾಡಿತು. ಬಿಡಲಿಲ್ಲ. ಬೋರ್ಡಿನಲ್ಲಿ ನೂರ ಐವತ್ತೆರಡು.

ರನ್‌ವೇ ಮುಗಿಯುವ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ, ಅಕ್ಕನಿಗೆ ಫೋನು ಮಾಡಿದೆ. ಹಿಂದೆ ಪಾತ್ರೆಗಳ ಸದ್ದು, ನಗು.

"ಅಕ್ಕ, ಓಯ್ತು."

"ಏನ್ಲಾ ಓಯ್ತು? ಬಡಿಸ್ತಾ ಇವ್ನಿ, ಆಮೇಲ್ ಮಾಡು."

ಅವಳದೇನೂ ತಪ್ಪಿಲ್ಲ. ಎಲೆಯ ಮುಂದೆ ಜನ ಕೂತಿರುವಾಗ ಫೋನು ಹಿಡಿದು ನಿಲ್ಲಲಾಗುವುದಿಲ್ಲ. ಇಳಿದು ಬೇಲಿಯ ಹತ್ತಿರ ಹೋದೆ. ಆಚೆ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕಾರನ್ನೂ ನನ್ನನ್ನೂ ನೋಡಿದಳು. ನನ್ನ ಕನ್ನಡದ ನಂಬರು ಪ್ಲೇಟು ಕಂಡಳೋ ಏನೋ, ತಮಿಳು ಬೆರೆತ ಕನ್ನಡದಲ್ಲೇ ಕೇಳಿದಳು.

"ಇಷ್ಟ್ ಜೋರಾಗಿ ಯಾರ್ನ ನೋಡಕ್ ಬಂದೆ ತಂಬಿ?"

"ಯಾರ್ನೂ ಇಲ್ಲ ಕಣವ್ವ. ನೂರೈವತ್ತೆರಡು ಓಯ್ತು, ಅಷ್ಟೇಯ."

"ಸರಿ," ಎಂದು ಅವಳು ಕೋಲು ಎತ್ತಿಕೊಂಡಳು. ನಾನು ಹೇಳಿದ್ದು ಅವಳಿಗೆ ಅರ್ಥವಾಗಿರಲಿಲ್ಲ. ಆದರೂ ಅವಳ ಆಡುಗಳು ಬೇಲಿ ಬಿಟ್ಟು ದೂರ ಹೋಗುವವರೆಗೂ ನಾನು ಎಂಜಿನ್ ಹೇಗೆ ಕಟ್ಟಿಸಿದೆ ಎನ್ನುವುದನ್ನು ಮೊದಲಿನಿಂದ ಹೇಳುತ್ತಲೇ ಇದ್ದೆ.