ಎಂಟು ಪೆಟ್ಟಿಗೆ, ಎರಡು ಗಾಜು

ಬೇಸಿಗೆ ಬಲಿತು ಸೂರ್ಯಕಾಂತಿ ಹೂಗಳು ತಲೆ ಬಾಗಿಸತೊಡಗಿದ್ದವು. ಬೆಳಗಿನಿಂದ ಜೇನುಪೆಟ್ಟಿಗೆಗಳ ಬಾಯಿಗೆ ಜಾಲರಿ ಕತ್ತರಿಸುತ್ತಿದ್ದ ಜೇನಕ್ಕ, ಎಂಟನೆಯದನ್ನು ಮುಗಿಸಿ ಎದ್ದು, ವ್ಯಾನಿನ ಕಿಟಕಿಗಳ ಗುಂಡಿ ಒತ್ತಿ ನೋಡಿದಳು. ಎಡಗಡೆಯ ಗಾಜು ಇಳಿಯಿತು. ಬಲಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಪೆಟ್ಟಿಗೆಗಳಿದ್ದ ಹೊಲದ ಯಜಮಾನ ನಾಳೆ ಬೆಳಕು ಹರಿಯುತ್ತಲೇ ಹುಳುವಿನ ಔಷಧಿ ಹೊಡೆಯುವವನಿದ್ದ. ಇವತ್ತೇ ಹೊಡೆಯಬೇಕಾಗಿದ್ದವನು ಇವಳಿಗಾಗಿ ಒಂದು ದಿನ ತಡೆದಿದ್ದ. ಸಂಜೆ ಜೇನುಗಳು ಗೂಡು ಸೇರಿದ ಮೇಲೆ ಪೆಟ್ಟಿಗೆ ಸಾಗಿಸದಿದ್ದರೆ ನಾಳೆಗೆ ಒಂದೂ ಉಳಿಯುವುದಿಲ್ಲ.

“ಮೋಟರ್ ಸುಟ್ಟಿದೆ ಅತ್ತಿಗೆ,” ಎಂದು ಮೈದುನ ನಿಂತಲ್ಲಿಂದಲೇ ತೀರ್ಪು ಕೊಟ್ಟ. “ಗ್ಯಾರೇಜಲ್ಲಿ ಮೂರು ದಿನ ಹಿಡಿಯುತ್ತೆ. ಒಂದು ಗಾಜು ಇಳಿಯುತ್ತಲ್ಲ, ಸಾಕು ಬಿಡಿ.”

“ಹಿಂದಿನ ಗಾಜು ಇಳಿಯೋದೇ ಇಲ್ಲ. ಒಂದು ಕಡೆಯಿಂದ ಬಂದ ಗಾಳಿ ಎಲ್ಲಿಗೆ ಹೋಗ್ಬೇಕು, ನಿನ್ನ ತಲೆಯೊಳಕ್ಕಾ? ಎರಡು ಗಂಟೆ ದಾರಿ. ಬೆಂದು ಹೋಗ್ತವೆ.”

“ಅವನ ತಲೆಯೊಳಗಾದ್ರೆ ಜಾಗ ಬೇಕಾದಷ್ಟಿದೆ,” ಎಂದರು ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ.

ಜೇನಕ್ಕ ಗೂಡು ಬಿಡಿಸುವ ಚಪ್ಪಟೆ ಕಬ್ಬಿಣಕ್ಕೆ ಬಟ್ಟೆ ಸುತ್ತಿ, ಗೇರಿನ ಪಕ್ಕದ ಪಟ್ಟಿಯನ್ನು ಮೆಲ್ಲಗೆ ಮೀಟಿದಳು. ಎರಡೂ ಸ್ವಿಚ್ಚುಗಳು ಜೋಡಿಯಾಗಿ ಮೇಲೆದ್ದವು. ಬಲಗಡೆಯ ತಂತಿಯ ಮೂತಿಯನ್ನು ಎಡಗಡೆಯ ಸ್ವಿಚ್ಚಿಗೆ ಸಿಕ್ಕಿಸಿ ಒತ್ತಿದಳು. ಬಲಗಾಜು ಸೊಯ್ಯನೆ ಇಳಿಯಿತು. ಮತ್ತೆ ಒತ್ತಿದರೆ ಏರಿತು.

“ಸುಟ್ಟ ಮೋಟರ್ ಚೆನ್ನಾಗೇ ಓಡುತ್ತಲ್ಲೋ!”

ಮೈದುನ ಹತ್ತಿರ ಬಂದು ವ್ಯಾನಿನೊಳಗೆ ಇಣುಕಿದ.

ಕೀಲಿ ತೆಗೆದಿಟ್ಟು, ಕೆಟ್ಟ ಸ್ವಿಚ್ಚನ್ನು ಬಿಳಿ ದುಪ್ಪಟಿಯ ಮೇಲೆ ಬಿಚ್ಚಿದಳು. ಸಾಸಿವೆಯಷ್ಟು ಸ್ಪ್ರಿಂಗ್ ಚಂಗನೆ ಹಾರಿ ಬಟ್ಟೆಯ ಮೇಲೇ ಬಿತ್ತು. ಒಳಗೆ ಏತದಂತೆ ತೂಗಬೇಕಾದ ತಾಮ್ರದ ಪುಟ್ಟ ಪಟ್ಟಿ ಕಂದು ಅಂಟಿನಲ್ಲಿ ಹೂತಿತ್ತು. ಮೂಸಿ ನೋಡಿದಳು. ಬಿರುಕು ಮುಚ್ಚಲು ಜೇನುಗಳು ಮೊಗ್ಗುಗಳಿಂದ ತರುವ ಅದೇ ಅಂಟು. ವರ್ಷಗಟ್ಟಲೆ ಇವಳ ಬೆರಳಿನಿಂದ ಗುಂಡಿಗೆ ಹತ್ತಿ, ಬಿಸಿಲಿಗೆ ಕರಗಿ ಒಳಗಿಳಿದಿತ್ತು.

“ಅಂದ್ರೆ ಕೆಡಿಸಿದ್ದು ನೀವೇ!” ಮೈದುನನಿಗೆ ಹೋದ ಜೀವ ಬಂದಂತಾಯಿತು.

“ನಾನೇ. ಕೆಡಿಸಿದ ಕೈಯೇ ಸರಿಮಾಡುತ್ತೆ, ನೋಡ್ತಿರು. ಸ್ಪಿರಿಟ್ ಬಾಟ್ಲಿ ತಾ.”

“ನನ್ನ ಇಂಜೆಕ್ಷನ್ನಿಗೆ ಒಂದಿಷ್ಟು ಉಳಿಸ್ರಮ್ಮ,” ಎಂದರು ಅತ್ತೆ.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಅಂಟನ್ನು ಒರೆಸಿದಳು. ತಾಮ್ರದ ತುದಿಯಲ್ಲಿದ್ದ ಕರಿಯನ್ನು ನಯವಾದ ಮರಳುಕಾಗದದಿಂದ ಎರಡೇ ಸಲ ಉಜ್ಜಿದಳು. ಸ್ಪ್ರಿಂಗ್ ಕೂರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಮೂರು ಸಲ ಹಾರಿದ್ದು ನಾಲ್ಕನೆಯ ಸಲ ಕೂತಿತು. ಎಲ್ಲ ಮುಚ್ಚಿ, ಕೀಲಿ ತಿರುಗಿಸಿ ಒತ್ತಿದಾಗ ಎರಡು ಗಾಜುಗಳೂ ಒಟ್ಟಿಗೇ ಇಳಿದವು.

ಹೊತ್ತು ಇಳಿದು ಜೇನುಗಳು ಗೂಡು ಸೇರಿದ ಮೇಲೆ ಹೊಲದಿಂದ ಪೆಟ್ಟಿಗೆಗಳು ವ್ಯಾನು ಸೇರಿದವು. ಒಳಗಿನ ಗುಂಯ್‌ಗಾನ ಸಮವಾಗಿತ್ತು. ಹೊಲದ ಯಜಮಾನ ಬದುವಿನ ಮೇಲೆ ನಿಂತಿದ್ದ.

“ತಡೆದಿದ್ದಕ್ಕೆ ಒಂದು ಸಾಲು ಪೂರ್ತಿ ಹುಳ ತಿಂತು ನೋಡು.”

“ಗೊತ್ತಾಯ್ತು. ಜೇನುತುಪ್ಪ ತೆಗೆದಾಗ ತಂದ್ಕೊಡ್ತೀನಿ.”

“ಸಕ್ಕರೆ ಕಾಯಿಲೆಯವನಿಗೆ ಜೇನು ಕೊಟ್ಟು ಕೊಲ್ತೀಯಾ? ಮುಂದಿನ ಹೂವಿಗೆ ಹತ್ತು ಪೆಟ್ಟಿಗೆ ತಂದಿಡು. ಕಾಳು ಕಟ್ಟಿಸಿದ್ದು ಅವೇ.”

“ಇಡ್ತೀನಿ,” ಎಂದಳು ಜೇನಕ್ಕ. ಅಷ್ಟಕ್ಕೆ ಋಣ ಹರಿಯದೆಂದು ಅವಳಿಗೆ ಗೊತ್ತಿತ್ತು. ಎಲೆಯ ನರಗಳಷ್ಟೇ ಉಳಿದ ಆ ಸಾಲಿನ ಪಕ್ಕ ವ್ಯಾನನ್ನು ನಿಧಾನಿಸಿ, ನೋಡಿಕೊಂಡು, ಆಮೇಲೆ ರಸ್ತೆಗೆ ಹತ್ತಿಸಿದಳು.