ಉಚಿತ ವಾರ್ಡಿನ ಎಡಗೈ

ಹುಡುಗಿಯ ಬಲಗೈ ಸುಟ್ಟಿತು. ರಕ್ತನಾಳಕ್ಕೆ ಹೋಗಬೇಕಿದ್ದ ಕ್ಯಾನ್ಸರ್ ಔಷಧಿ ಚರ್ಮದಡಿ ಸೋರಿ, ಮುಂಗೈಯ ಮಾಂಸ ಕಪ್ಪಗಾಗಿ ಕಳಚಿಬಂತು. ಹುಡುಗಿಗೆ ಆರು ವರ್ಷ. ತಪ್ಪು ತಾಯಿಯದೆಂದು ಆಸ್ಪತ್ರೆ ತೀರ್ಮಾನಿಸಿತು: ಕೈಯನ್ನು ಸರಿಯಾಗಿ ಹಿಡಿದಿರಲಿಲ್ಲವಂತೆ.

ಮೇಲಿನ ಮಹಡಿಯಲ್ಲಿ ದುಡ್ಡು ಕಟ್ಟುವವರ ಮಕ್ಕಳಿಗೆ ಎದೆಯಲ್ಲೇ ನಳಿಗೆ ಕೂರಿಸಿ ಔಷಧಿ ಬಿಡುತ್ತಾರೆ. ಕೆಳಗಿನ ಉಚಿತ ವಾರ್ಡಿಗೆ ಆ ಖರ್ಚಿಲ್ಲ. ಇಲ್ಲಿ ಹೆತ್ತವರೇ ಉಪಕರಣ. ತಾಯಿ ತೋಳು ಒತ್ತಿ ಹಿಡಿಯುತ್ತಾಳೆ, ನರ್ಸು ಚುಚ್ಚುತ್ತಾಳೆ, ಮಗು ಕಿರುಚುತ್ತದೆ. ಕಿರುಚುವುದಕ್ಕೂ ಶುಲ್ಕವಿಲ್ಲ. ಉಚಿತವೆಂದರೆ ಪೂರ್ತಿ ಉಚಿತ.

ಅವತ್ತು ಮಗಳು "ಉರೀತದೆ ಅಮ್ಮಾ" ಅಂದಾಗ, ಇಟ್ಟಿಗೆ ಹೊರುವ ಆ ತಾಯಿ ನರ್ಸಿನ ಮುಖ ನೋಡಿದ್ದಳು. "ಬಾಯಿ ಮುಚ್ಚಿಸು, ಗಟ್ಟಿಯಾಗಿ ಹಿಡ್ಕೊ" ಎಂದು ಅಪ್ಪಣೆಯಾಯಿತು. ಇಟ್ಟಿಗೆ ಹೊತ್ತ ಕೈಗೆ ಅದೇನು ಕಷ್ಟ? ಹಿಡಿದಳು.

ಇಂದು ಎಡಗೈಯ ಸರದಿ. ನಿನ್ನೆ ಚುಚ್ಚಿದ ಸೂಜಿ ಕೈಯಲ್ಲೇ ಇದೆ, ಸುತ್ತ ಊದಿಕೊಂಡಿದೆ. ಜೊತೆಗೆ ದಾನಿಗಳು ಬರುವ ದಿನ. ವಾರ್ಡಿನ ಗೋಡೆಗೆ ನಗುವ ಆನೆ ಬರೆಸಿಕೊಟ್ಟ ಮಹನೀಯರು ಫೋಟೋಕ್ಕೆ ನಿಂತಿದ್ದಾರೆ. ಸೂಜಿಗಿಂತ ಆನೆಯೇ ಮಕ್ಕಳಿಗೆ ಹಿತವೆಂದು ಯಾರೋ ಅವರಿಗೆ ಹೇಳಿರಬೇಕು.

"ಪಾಪ, ಮಗು ನಗ್ತಾನೇ ಇಲ್ವಲ್ಲಾ?" ಎಂದರು ದಾನಿಯಮ್ಮ.

"ಏಯ್, ಬೇಗ ಕೈ ಹಿಡಿಯೇ! ಸಾಹೇಬ್ರು ಎಷ್ಟೊತ್ತು ನಿಲ್ಬೇಕು?" ದೊಡ್ಡ ಡಾಕ್ಟರು ಗದರಿದರು.

ಮೊದಲು ಇಲ್ಲಿದ್ದ ಹಿರಿಯ ನರ್ಸು ಪ್ರತಿ ಸಲವೂ ಸಿರಿಂಜನ್ನು ಹಿಂದಕ್ಕೆಳೆದು, ರಕ್ತ ಕಂಡು ಸೂಜಿ ನಾಳದೊಳಗೇ ಇದೆಯೆಂದು ಖಾತ್ರಿಯಾದ ಮೇಲೇ ಔಷಧಿ ಬಿಡುತ್ತಿದ್ದಳು. ಅಂಥ ಒಳ್ಳೆಯ ಕೆಲಸಗಾರ್ತಿ ಕೆಳಗೆ ದಂಡವಾಗಬಾರದೆಂದು ಅವಳನ್ನು ಮೇಲಿನ ಮಹಡಿಗೆ ಹಾಕಿದರು.

"ನರ್ಸಮ್ಮಾ," ಎಂದಳು ತಾಯಿ, "ಸ್ವಲ್ಪ ಹಿಂದಕ್ಕೆ ಎಳೆದು ನೋಡಿ. ರಕ್ತ ಬರತ್ತಾ?"

ಡಾಕ್ಟರು ನಕ್ಕರು. "ಓಹೋ! ಇಟ್ಟಿಗೆ ಹೊರೋಳು ಡಾಕ್ಟರಾದ್ಲು. ನಾನು ಹೋಗಿ ಇಟ್ಟಿಗೆ ಹೊರ್ಲಾ?"

"ಹೊರಿ ಸ್ವಾಮಿ. ಅದು ಕೈತಪ್ಪಿದ್ರೆ ನಿಮ್ಮ ಕಾಲ ಮೇಲೇ ಬೀಳತ್ತೆ."

ಕ್ಯಾಮೆರಾದವನು ಕಿಸಕ್ಕನೆ ನಕ್ಕು, ಕೂಡಲೇ ಕೆಮ್ಮಿದ. ನರ್ಸು ಮೆಲ್ಲಗೆ ಸಿರಿಂಜು ಎಳೆದಳು. ರಕ್ತ ಬರಲಿಲ್ಲ.

"ಸರ್, ಬೇರೆ ಸೂಜಿ ಹಾಕ್ಲಾ..."

"ಹೋಗತ್ತೆ, ತಳ್ಳು! ಏಯ್ ದರಿದ್ರ ಮುಂಡೇದೇ, ಹಿಡಿಯೋದಾದ್ರೆ ಹಿಡಿ, ಇಲ್ಲಾ ಮಂಚ ಖಾಲಿ ಮಾಡು. ಔಷಧಿ ತಪ್ಪಿದ್ರೆ ಮಗು ಉಳಿಯಲ್ಲ, ಗೊತ್ತಾ?"

ಗೊತ್ತಿತ್ತು. ಅದೊಂದನ್ನು ಮಾತ್ರ ಆಸ್ಪತ್ರೆ ಅವಳಿಗೆ ದಿನಾ ತಪ್ಪದೆ ಹೇಳಿಕೊಟ್ಟಿತ್ತು.

ಅವಳು ಮಂಚ ಹತ್ತಿ ಕೂತಳು. ಮಗಳ ಎಡಗೈಯನ್ನು ತನ್ನೆರಡೂ ಅಂಗೈಯೊಳಗೆ ಮುಚ್ಚಿಕೊಂಡಳು.

"ಮಂಚಾನೂ ಬಿಡಲ್ಲ, ಈ ಕೈಯನ್ನೂ ಕೊಡಲ್ಲ. ಹೊಸ ಸೂಜಿ ತನ್ನಿ. ರಕ್ತ ಬರೋದು ನನ್ನ ಕಣ್ಣಿಗೆ ಕಾಣ್ಲಿ. ಆಮೇಲೆ ನಾನೇ ಹಿಡೀತೀನಿ."

"ಹಿಡಿಯೇ ಅಂದೆ!"

"ಹಿಡಿಯಲ್ಲ."