ಕ್ರೆಬ್ಸ್ ಮನೆಯ ಬಿಳಿ ಬಟ್ಟೆ

ಹಾರ್ನ್‌ಬೆಕ್ ಲ್ಯಾಂಡಿಂಗ್ ಎಂಬ ಆ ಊರು ಮಿಸಿಸಿಪ್ಪಿ ನದಿಗೂ ಸುಣ್ಣಕಲ್ಲಿನ ಗುಡ್ಡಕ್ಕೂ ನಡುವೆ ಹರಿದ ಸೀರೆಯಂಚಿನಂತೆ ಉದ್ದಕ್ಕೆ ಬಿದ್ದುಕೊಂಡಿತ್ತು. ಹಿಂದೆ ಅಲ್ಲಿ ಮೂರು ಬೀದಿಗಳಿದ್ದವು. ಒಂದನೆಯ ಬೀದಿಯನ್ನು ವರ್ಲೀನಳ ಅಜ್ಜಿಯ ಕಾಲದಲ್ಲೇ ನದಿ ನುಂಗಿತ್ತು. ಆದರೂ ಉಳಿದವನ್ನು ಜನ ಎರಡನೆಯ ಬೀದಿ, ಮೂರನೆಯ ಬೀದಿ ಎಂದೇ ಕರೆಯುತ್ತಿದ್ದರು, ಸತ್ತ ಹಿರಿಮಗನನ್ನು ಬಿಡದೆ ಎಣಿಸುವ ತಾಯಿಯ ಹಾಗೆ.

ಆ ಊರಿಗೊಂದು ಕಟ್ಟಳೆ ಇತ್ತು. ಜೋಳದ ಗೋದಾಮಿನ ಗೋಡೆಯ ಮೇಲಿನ ಕೆಂಪು ಗೆರೆಯನ್ನು ನೀರು ಮುಟ್ಟಿತೆಂದರೆ, ಮನೆ ಬಿಡದೆ ಉಳಿದವರು ಮಾಳಿಗೆಯ ಕಿಟಕಿಯಿಂದ ಬಿಳಿ ಬಟ್ಟೆ ಇಳಿಬಿಡಬೇಕು. ಒಳಗೆ ಎಷ್ಟು ತಲೆಯೋ ಬಟ್ಟೆಗೆ ಅಷ್ಟು ಗಂಟು. ಮನೆ ಬಿಡುವಾಗ ಬಟ್ಟೆಯನ್ನು ಒಳಗೆಳೆದುಕೊಂಡೇ ಹೊರಡಬೇಕು. ದೋಣಿಯವನು ಹೆಸರು ಕೂಗುವುದಿಲ್ಲ, ಗಂಟು ನೋಡುತ್ತಾನೆ. ಗಂಟು ಕಂಡೂ ಹೋಗದೆ ಬಿಟ್ಟ ದೋಣಿಯವನು ಆ ಊರಲ್ಲಿ ಹುಟ್ಟಿರಲಿಲ್ಲ. ಈಗ ಹದಿನಾರು ವರ್ಷದಿಂದ ಆ ಕೆಲಸ ವರ್ಲೀನಳ ತಮ್ಮ ಹಾರ್ಲನ್‌ನದು.

ವರ್ಲೀನ್ ಊರಿನ ಗುಮಾಸ್ತೆ. ವಯಸ್ಸು ಅರವತ್ತಾರು, ಗಂಡ ಹೋಗಿ ಬಹಳ ಕಾಲವಾಗಿತ್ತು. ಆ ವರ್ಷ ಜಿಲ್ಲಾ ಕಚೇರಿಯಿಂದ ಕಾಗದ ಬಂದಿತ್ತು. ಐವತ್ತು ಜನಕ್ಕಿಂತ ಕಡಿಮೆಯಾದರೆ ಊರು ಊರಲ್ಲ, ಅದರ ಒಡ್ಡನ್ನು ಇನ್ನು ಮುಂದೆ ಜಿಲ್ಲೆ ದುರಸ್ತಿ ಮಾಡಿಕೊಡುವುದಿಲ್ಲ ಎಂದು. ಒಡ್ಡಿಲ್ಲದೆ ಎರಡನೆಯ ಬೀದಿಗೆ ಎರಡು ಮಳೆಗಾಲದ ಆಯುಷ್ಯವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಎಣಿಸಿದಳು. ತನ್ನನ್ನೂ ತಮ್ಮನನ್ನೂ ಸೇರಿಸಿ ನಲವತ್ತೊಂಬತ್ತು. ಐವತ್ತನೆಯವಳು ಐಡೆಲ್ಲಾ ಕ್ರೆಬ್ಸ್. ಕೆಳತುದಿಯ ಕೊನೆಯ ಮನೆಯ ಆ ಮುದುಕಿ ಜನವರಿಯಲ್ಲಿ ಮಗಳ ಮನೆಗೆ ಹೋದವಳು ಅಲ್ಲೇ ತೀರಿಕೊಂಡಿದ್ದಳು. ಮಗಳ ಕಾಗದ ಬಂದದ್ದು ವರ್ಲೀನಳಿಗೆ ಮಾತ್ರ. ಅವಳು ಅದನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು, ಲೆಕ್ಕದ ಹಾಳೆಯಲ್ಲಿ ಐವತ್ತು ಎಂದು ಬರೆದಳು. ಚಳಿಗಾಲವೆಲ್ಲ ಸರಕಿನ ದೋಣಿಗಳಲ್ಲಿ ದುಡಿದು ಹಿಂದಿನ ವಾರವಷ್ಟೇ ಬಂದಿದ್ದ ಹಾರ್ಲನ್‌ಗೂ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

ಜಿಲ್ಲೆಯ ಫಿಸ್ಕ್ ಎಂಬಾತ ಖುದ್ದಾಗಿ ಎಣಿಸಲು ಬರುವ ದಿನವೇ ನೀರು ಕೆಂಪು ಗೆರೆ ಮುಟ್ಟಿತು. ಅವನು ಜಿಲ್ಲೆಯ ದೋಣಿಯಲ್ಲೇ ಬಂದ. ಬಟ್ಟೆಯ ಗಂಟು ಎಣಿಸಿದರೆ ಸಾಕು, ಕೆಸರಿಗೆ ಇಳಿಯುವುದು ಬೇಡ ಎಂದು ವರ್ಲೀನ್ ಹೇಳಿದಾಗ ಅವನಿಗೂ ಹಾಯೆನಿಸಿತು. ಮುಂಜಾನೆಯೇ ಅವಳು ಕ್ರೆಬ್ಸ್ ಮನೆಯ ಮಾಳಿಗೆ ಹತ್ತಿ, ಐಡೆಲ್ಲಾಳದೇ ದಿಂಬಿನ ಚೀಲಕ್ಕೆ ಒಂದು ಗಂಟು ಹಾಕಿ ಇಳಿಬಿಟ್ಟು ಬಂದಿದ್ದಳು. ಫಿಸ್ಕ್‌ನನ್ನು ಕಳಿಸಿದ ಕೂಡಲೇ ತೆಗೆದುಬಿಡುವುದು ಎಂದುಕೊಂಡಿದ್ದಳು.

ದೋಣಿ ಬೀದಿಗುಂಟ ಸಾಗಿತು. ಆಟಿಸ್ ಲ್ಯಾಮರ್ಸ್ ಎಂಬ ಮುದುಕ ಕಿಟಕಿಯಿಂದ ಬಗ್ಗಿ ನೋಡಿದ.

"ಸ್ವಾಮಿ, ನನ್ನ ನಾಯಿಗೂ ಒಂದು ಗಂಟು ಹಾಕ್ಲಾ? ಈ ಊರಿನ ಅರ್ಧ ಜನಕ್ಕಿಂತ ಅದಕ್ಕೆ ಬುದ್ಧಿ ಜಾಸ್ತಿ."

ಫಿಸ್ಕ್ ನಕ್ಕ. ವರ್ಲೀನ್ ಕೆಳತುದಿಯತ್ತಲೇ ನೋಡುತ್ತಿದ್ದಳು. ಕೊನೆಯ ಮನೆಯ ಬಟ್ಟೆಯನ್ನು ದೂರದಿಂದಲೇ ಕಂಡು ಅವನು ಐವತ್ತು ಎಂದು ಗುರುತು ಹಾಕಿಕೊಂಡ.

ಅಷ್ಟರಲ್ಲಿ ಸೈರನ್ ಕೂಗಿತು. ಕೆಳತುದಿಯ ಒಡ್ಡಿನಡಿ ನೀರು ಕುದಿಯುವ ಹಾಗೆ ಉಕ್ಕುತ್ತಿತ್ತು. ಎಲ್ಲರೂ ಗುಡ್ಡದ ಮೇಲಿನ ಚರ್ಚಿಗೆ ಹೋಗಬೇಕೆಂದಾಯಿತು. ಫಿಸ್ಕ್‌ನ ದೋಣಿ ನೇರವಾಗಿ ಗುಡ್ಡದ ಬುಡಕ್ಕೆ ತಿರುಗಿತು. ಬಟ್ಟೆ ತೆಗೆಯಲು ವರ್ಲೀನಳಿಗೆ ದಾರಿಯೇ ಉಳಿಯಲಿಲ್ಲ.

ಹಾರ್ಲನ್ ಆರು ಸಲ ಹೋಗಿ ಬಂದ. ಪ್ರತಿ ಸಲವೂ ಕಿಟಕಿಗಳ ಬಟ್ಟೆ ಒಂದೊಂದಾಗಿ ಒಳಗೆ ಸರಿಯುವುದು ಚರ್ಚಿನ ಮೆಟ್ಟಿಲಿಂದ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಳಿ ಎಂಬುದು ಕಂಡದ್ದು ಒಂದೇ ಕಡೆ, ಕ್ರೆಬ್ಸ್ ಮನೆಯಲ್ಲಿ. ಐಡೆಲ್ಲಾ ಮಗಳ ಮನೆಯಿಂದ ಯಾವಾಗಲೋ ವಾಪಸಾಗಿರಬೇಕೆಂದು ಊರವರು ಅಂದುಕೊಂಡರು. ಒಡ್ಡು ಆಗಲೇ ಬಾಯಿ ಬಿಟ್ಟಿತ್ತು, ಬೇರುಸಹಿತ ಮರಗಳು ಬೀದಿಯೊಳಗೆ ನುಗ್ಗುತ್ತಿದ್ದವು. ಹಾರ್ಲನ್ ದೋಣಿಯಲ್ಲಿ ನಿಂತೇ ದಡದ ಮೇಲಿದ್ದವರನ್ನು ಬೆರಳು ಮಾಡಿ ಎಣಿಸಿದ.

"ಅಕ್ಕಾ, ಐಡೆಲ್ಲಾ ಅಜ್ಜಿ ಒಬ್ಬಳು ಬಾಕಿ. ಹೋಗಿ ಎತ್ತಾಕ್ಕೊಂಡು ಬರ್ತೀನಿ. ಎಷ್ಟು ಬೈತಾಳೋ ಏನೋ."

ವರ್ಲೀನಳ ಬಾಯಿ ತೆರೆಯಿತು. ಪಕ್ಕದಲ್ಲೇ ಫಿಸ್ಕ್ ಕಾಫಿ ಲೋಟ ಹಿಡಿದು ನಿಂತಿದ್ದ. ಲೆಕ್ಕದ ಹಾಳೆ ಅವನ ಕಂಕುಳಲ್ಲಿತ್ತು, ಅವಳ ಸಹಿಯೊಂದು ಬಾಕಿ. ಬೇಡ ಕಣೋ ಎಂದರೆ ಸಾಕಿತ್ತು. ಆದರೆ ಏಕೆ ಬೇಡ ಎಂದು ಹಾರ್ಲನ್ ಕೇಳುತ್ತಾನೆ, ಫಿಸ್ಕ್ ಕೇಳಿಸಿಕೊಳ್ಳುತ್ತಾನೆ. ಹೇಗೂ ಹತ್ತು ನಿಮಿಷದ ದಾರಿ, ಖಾಲಿ ಮನೆ ನೋಡಿ ಬೈಯುತ್ತ ಬರುತ್ತಾನೆ, ಆಮೇಲೆ ಕಾಲು ಹಿಡಿದಾದರೂ ಹೇಳಿಕೊಳ್ಳುತ್ತೇನೆ ಎಂದು ಅವಳು ಅಂದುಕೊಂಡಳು.

"ಹುಷಾರಾಗಿ ಹೋಗೋ," ಎಂದಳು.

ಅವನು ಕ್ರೆಬ್ಸ್ ಮನೆ ಮುಟ್ಟಿದ್ದನ್ನು ಎಲ್ಲರೂ ಕಂಡರು. ಜಗಲಿಯ ಕಂಬಕ್ಕೆ ದೋಣಿ ಕಟ್ಟಿದ, ಕಿಟಕಿಯಿಂದ ಒಳಗೆ ಇಳಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಹುಡುಕುತ್ತಿದ್ದಾನೆಂದು ವರ್ಲೀನಳಿಗೆ ತಿಳಿಯಿತು. ಕೋಣೆ ಕೋಣೆ, ಮಂಚದಡಿ, ಕಪಾಟಿನ ಹಿಂದೆ. ಗಂಟು ಸುಳ್ಳಾಡುತ್ತದೆಂದು ಆ ಊರಲ್ಲಿ ಹುಟ್ಟಿದವನಿಗೆ ಹೇಗೆ ಹೊಳೆಯಬೇಕು? ಅಷ್ಟರಲ್ಲಿ ಮೇಲಿನಿಂದ ಬಂದ ದೊಡ್ಡ ಮರವೊಂದು ಮನೆಯ ಮೂಲೆಗೆ ಗುದ್ದಿತು. ಮನೆ ಮುದಿ ಎಮ್ಮೆಯಂತೆ ಮಂಡಿಯೂರಿ ಪಕ್ಕಕ್ಕೆ ಹೊರಳಿತು. ಕಂಬದೊಂದಿಗೆ ದೋಣಿಯೂ ಹೋಯಿತು.

ಚರ್ಚಿನ ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತರು. ಆಟಿಸ್ ಟೋಪಿ ತೆಗೆದು, ಐಡೆಲ್ಲಾಳನ್ನೂ ಹಾರ್ಲನ್‌ನನ್ನೂ ದೇವರು ಒಟ್ಟಿಗೆ ಕರೆದುಕೊಂಡ ಎಂದ. ಹೆಂಗಸರು ವರ್ಲೀನಳ ಹೆಗಲ ಮೇಲೆ ಕಂಬಳಿ ಹೊದಿಸಿದರು. ಆ ಕರುಣೆಯ ಕಂಬಳಿ ಅವಳಿಗೆ ಕೆಂಡದ ಹಾಗಾಯಿತು.

ಸಂಜೆಗೆ ಮುಂಚೆ ಫಿಸ್ಕ್ ಹತ್ತಿರ ಬಂದ. ಇಂಥ ಹೊತ್ತಿನಲ್ಲಿ ಕೇಳಬಾರದು, ಆದರೆ ಬೆಳಿಗ್ಗೆ ಐವತ್ತು ಇದ್ದದ್ದನ್ನು ತಾನೇ ಕಂಡಿರುವುದರಿಂದ ಅದನ್ನೇ ಕಳಿಸುತ್ತೇನೆ, ಒಡ್ಡು ಮತ್ತೆ ಕಟ್ಟಿಕೊಡುತ್ತಾರೆ, ನೀವು ಒಂದು ಸಹಿ ಹಾಕಿದರಾಯಿತು ಎಂದು ಮೆತ್ತಗೆ ಹೇಳಿ ಪೆನ್ನು ಚಾಚಿದ.

ಸಹಿ ಹಾಕಿದರೆ ಊರು ಉಳಿಯುತ್ತಿತ್ತು. ವರ್ಲೀನ್ ಪೆನ್ನು ತೆಗೆದುಕೊಂಡಳು. ಕೆಳಗಿನ ಕಂದು ನೀರನ್ನು ನೋಡಿದಳು. ಮೂರನೆಯ ಬೀದಿಯ ಮೇಲ್ತುದಿಯಲ್ಲಿ, ಹಾರ್ಲನ್‌ನ ಮನೆಯ ಕಿಟಕಿಯಲ್ಲಿ ಒಂದು ಬಟ್ಟೆ ಕಂಡಿತು. ಎಲ್ಲರನ್ನೂ ತಂದುಬಿಟ್ಟು ಕೊನೆಗೆ ತನ್ನದನ್ನು ತೆಗೆಯುವುದು ದೋಣಿಯವನ ಪದ್ಧತಿ. ಅದು ಇಷ್ಟು ಹೊತ್ತೂ ಮರದ ಮರೆಯಲ್ಲಿತ್ತು, ಈಗ ಮರ ಹೋಗಿತ್ತು. ಬಟ್ಟೆಗೆ ಒಂದೇ ಗಂಟು.

ಅವಳು ಐವತ್ತನ್ನು ಹೊಡೆದುಹಾಕಿ ನಲವತ್ತೆಂಟು ಎಂದು ಬರೆದಳು.

"ಬೆಳಿಗ್ಗೆ ಐವತ್ತಿತ್ತಲ್ಲ ತಾಯಿ?" ಎಂದ ಫಿಸ್ಕ್.

"ಬೆಳಿಗ್ಗೆನೂ ನಲವತ್ತೊಂಬತ್ತೇ ಇದ್ದದ್ದು," ಎಂದಳು ವರ್ಲೀನ್, ಹಿಂದೆ ನಿಂತ ಆಟಿಸ್‌ಗೂ ಹೆಂಗಸರಿಗೂ ಕೇಳುವ ಹಾಗೆ. "ಐಡೆಲ್ಲಾ ಸತ್ತು ಮೂರು ತಿಂಗಳಾಯ್ತು. ಆ ಗಂಟು ಹಾಕಿದ್ದು ನಾನು."

ಹೆಗಲ ಮೇಲಿನ ಕಂಬಳಿಯನ್ನು ಅವಳೇ ತೆಗೆದು, ಮಡಿಸಿ, ಮೆಟ್ಟಿಲ ಮೇಲಿಟ್ಟಳು. ಯಾರೂ ಅದನ್ನು ಮತ್ತೆ ಹೊದಿಸಲು ಬರಲಿಲ್ಲ.